ಕೈಬಿಟ್ಟ ಕಾರು ನೇರ ಹೋದ ಮುನ್ನೂರ ಹತ್ತು ಮೀಟರ್

ಹೇಳಿಕೆ ನೀಡುವವರು: ಸದರಿ ಕಾರಿನಲ್ಲಿ ಚಾಲಕನ ಪಕ್ಕ ಕೂತಿದ್ದ ಆತನ ಹೆಂಡತಿ. ವಯಸ್ಸು: 47 ವರ್ಷ. ಉದ್ಯೋಗ: ಹೊಲಿಗೆ. ವಾಸ: ಕಾಲುವೆ ರಸ್ತೆ, ಸೈಕಲ್ ಅಂಗಡಿಯ ಮೇಲಿನ ಮನೆ.

ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಅವರಿಗೆ ಕಾರಿನ ಹುಚ್ಚು. ಮೂರು ತಿಂಗಳ ಹಿಂದೆ ಸ್ಪ್ರಿಂಗ್ ಬದಲಿಸಿ ನಮ್ಮ ಹಳೆಯ ಕಾರನ್ನು 40 ಮಿಲಿಮೀಟರ್ ತಗ್ಗಿಸಿದರು. ಎರಡೂ ಹೆಗಲ ಮೇಲಿಂದ ಬಿಗಿಯುವ ರೇಸಿನ ಬೆಲ್ಟ್ ಬೇರೆ ಹಾಕಿಸಿದರು. ಕಾರು ನೆಲ ಮೂಸಿಕೊಂಡು ಹೋಗುತ್ತದೆ ಎಂದು ನಾನು ಗೇಲಿ ಮಾಡಿದ್ದುಂಟು. ತಗ್ಗಿಸಿದ ಮೇಲೆ ಅವರು ಚಕ್ರಗಳ ಅಲೈನ್‌ಮೆಂಟ್ ಮಾಡಿಸಲಿಲ್ಲ. ಕಾರು ಒಂದೇ ಕಡೆ ಎಳೆಯತೊಡಗಿತು. ಮುಂದಿನ ಟೈರುಗಳ ಒಳಬದಿ ತಂತಿ ಕಾಣುವಷ್ಟು ಸವೆದವು.

ಕಳೆದ ಶನಿವಾರ ಬೆಳಿಗ್ಗೆ 9.10ಕ್ಕೆ ಹೊಸ ಟೈರು ಹಾಕಿಸಿಕೊಂಡು ಅಲೈನ್‌ಮೆಂಟ್ ಯಂತ್ರವಿರುವ ಗ್ಯಾರೇಜಿಗೆ ಹೋದೆವು. ಯಂತ್ರದ ಕಟ್ಟೆ ಹತ್ತುವಾಗ ಕಾರಿನ ಮೂತಿ ತಗುಲಿತು. ಇದು ನಮ್ಮ ಕೈಲಾಗಲ್ಲ, ನೂಲಜ್ಜನ ಹತ್ರ ಹೋಗಿ ಎಂದು ಅಲ್ಲಿಯವರು ಕಳಿಸಿದರು. ನೂಲಜ್ಜ ಎಂದರೆ ಕಾರಿನ ಎರಡೂ ಬದಿ ನೂಲು ಕಟ್ಟಿ, ಉಕ್ಕಿನ ಅಳತೆಪಟ್ಟಿ ಹಿಡಿದು ಚಕ್ರ ನೇರ ಮಾಡುವ, ಎಪ್ಪತ್ತು ದಾಟಿದ ಮೆಕ್ಯಾನಿಕ್.

ಅವರು ಕಾರು ನೋಡುವ ಮೊದಲೇ, ಯಾವ ರಸ್ತೇಲಿ ಜಾಸ್ತಿ ಓಡಿಸ್ತೀರಿ, ಯಾರ್ಯಾರು ಕೂರ್ತೀರಿ, ತೂಕ ಎಷ್ಟೆಷ್ಟು ಎಂದು ಕೇಳಿದರು. ಖಾಲಿ ಕಾರನ್ನ ನೇರ ಮಾಡಿ ಏನ್ ಪ್ರಯೋಜ್ನ ತಾಯಿ, ಅದು ಖಾಲಿ ಓಡಲ್ವಲ್ಲ ಎಂದರು. ಕಾಲುವೆ ರಸ್ತೆ ಎಂದೆವು. ಸೈಕಲ್ ತುಳಿದು ಅಲ್ಲಿಗೆ ಹೋಗಿ, ಅರ್ಧ ನೀರಿದ್ದ ಬಾಟಲಿಯನ್ನು ರಸ್ತೆಗೆ ಅಡ್ಡಲಾಗಿ ಮಲಗಿಸಿ, ರಸ್ತೆ ಅಂಚಿನ ಕಡೆ ಎಷ್ಟು ವಾಲಿದೆ ಎಂದು ನೋಡಿಕೊಂಡು ಬಂದರು. ಯಜಮಾನರು 74 ಕಿಲೋ ಎಂದರು. ನಾನು 55 ಎಂದೆ. ಅಷ್ಟಷ್ಟೇ ತೂಕದ ಮರಳಿನ ಚೀಲಗಳನ್ನು ಸೀಟುಗಳ ಮೇಲಿಟ್ಟು ಕೆಲಸ ಶುರು ಮಾಡಿದರು.

12.40ಕ್ಕೆ ಮುಗಿಯಿತು. ಕೊನೆಯದಾಗಿ ನೋಡಲು ಚೀಲ ತೆಗೆದು ನಮ್ಮನ್ನೇ ಕೂರಿಸಿದರು. ನನ್ನ ಬದಿ 3 ಮಿಲಿಮೀಟರ್ ಹೆಚ್ಚು ಇಳಿಯಿತು. ಅವರು ಅಳತೆಪಟ್ಟಿ ನೋಡಿದರು, ಚೀಲ ನೋಡಿದರು, ನನ್ನನ್ನು ನೋಡಲಿಲ್ಲ. ಇಲ್ಲಿ ಯಾರೋ ಒಂದು ಹದಿಮೂರು ಕಿಲೋ ಬಚ್ಚಿಟ್ಟಿದ್ದಾರೆ ಎಂದಷ್ಟೇ ಹೇಳಿದರು. ನನ್ನ ನಿಜವಾದ ತೂಕ 68. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಜ್ಜ ಬೈಯಲಿಲ್ಲ. ಮಾಡಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಹಿಡಿದರು. ಈ ಸಲ 2 ಗಂಟೆ 35 ನಿಮಿಷ ನಾನೇ ಸೀಟಿನಲ್ಲಿ ಅಲುಗಾಡದೆ ಕೂತೆ. ಮುಗಿದ ಮೇಲೆ, ನೀವು ಹೊಲಿಯೋರು, ನಿಮ್ಮ ಕಣ್ಣಲ್ಲೊಮ್ಮೆ ನೋಡಿ ಎಂದರು. ನೂಲಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಇಪ್ಪತ್ತಾರು ವರ್ಷ ಹೊಲಿದಿದ್ದೇನೆ. ಅಷ್ಟು ನೇರವಾದದ್ದನ್ನು ನಾನು ಕಂಡಿರಲಿಲ್ಲ.

ಸೋಮವಾರ ಸಂಜೆ 4.25ಕ್ಕೆ ನಾವಿಬ್ಬರೂ ಕಾಲುವೆ ರಸ್ತೆಯಲ್ಲಿ ಮನೆಗೆ ಬರುತ್ತಿದ್ದೆವು. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಅಂದು ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟಿದ್ದರಿಂದ ಸಕ್ಕರೆ ಇಳಿದಿತ್ತು. ನೀರಿನ ಟ್ಯಾಂಕಿನ ಬಳಿ, 50 ಕಿಲೋಮೀಟರ್ ವೇಗದಲ್ಲಿದ್ದಾಗ, ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕೈಗಳು ತೊಡೆಯ ಮೇಲೆ ಬಿದ್ದವು. ಕಾಲು ಪೆಡಲಿನಿಂದ ಜಾರಿತು. ಒಂದು ಕಡೆ ತಡೆಗೋಡೆ ಇಲ್ಲದ ಕಾಲುವೆ, ಇನ್ನೊಂದು ಕಡೆ ಬಸ್ಸಿಗೆ ಕಾದಿದ್ದ ಜನ. ನನ್ನ ಬೆಲ್ಟ್ ಬಿಚ್ಚಲು ಬರಲಿಲ್ಲ, ಸ್ಟೀರಿಂಗ್ ನಾಲ್ಕು ಬೆರಳು ದೂರ ಉಳಿಯಿತು. ಹ್ಯಾಂಡ್‌ಬ್ರೇಕ್ ಕೈಗೆ ಸಿಕ್ಕಿತು. ಆದರೆ ವೇಗದಲ್ಲಿ ಎಳೆದರೆ ಕಾರು ತಿರುಗಿಬಿಡುತ್ತದೆ ಎಂದು ಅವರೇ ಹೇಳಿದ್ದು ನೆನಪಾಗಿ, ಹಿಡಿದುಕೊಂಡು ಕಾದೆ.

ಸುಮಾರು ಅರ್ಧ ನಿಮಿಷ ಯಾರೂ ಹಿಡಿಯದ ಸ್ಟೀರಿಂಗನ್ನು ನಾನು ನೋಡುತ್ತಿದ್ದೆ. ಅದು ಕೂದಲೆಳೆಯಷ್ಟೂ ತಿರುಗಲಿಲ್ಲ. ಬಸ್ ಸ್ಟಾಪಿನಲ್ಲಿ ಛತ್ರಿ ಹಿಡಿದು ನಿಂತಿದ್ದ ಹೆಂಗಸೊಬ್ಬರಿಂದ ಒಂದು ಮೊಳ ದೂರದಲ್ಲಿ ಕಾರು ಹಾದುಹೋಯಿತು, ಅವರು ತಲೆ ಎತ್ತಿ ನೋಡಲೂ ಇಲ್ಲ. ಆ ಹೊತ್ತಿನಲ್ಲಿ ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಸೂಜಿ 20ಕ್ಕೆ ಇಳಿದಾಗ ಬ್ರೇಕ್ ಎಳೆದೆ. ಎಂಜಿನ್ ನಿಂತಿತು. ಟ್ಯಾಂಕಿನಿಂದ ಅಲ್ಲಿಗೆ 310 ಮೀಟರ್ ಎಂದು ಠಾಣೆಯ ಪೇದೆಯವರೇ ಅಳೆದಿದ್ದಾರೆ.

ಜ್ಯೂಸ್ ಅಂಗಡಿಯವರು ಓಡಿ ಬಂದರು. ಯಜಮಾನರು ತುಸು ಎಚ್ಚರಗೊಂಡ ಮೇಲೆ ರಸ ಕುಡಿಸಿದರು. ಹೀಗಾಗಿ ಆಸ್ಪತ್ರೆಯಲ್ಲಿ ನೋಡುವಾಗ ಸಕ್ಕರೆ ಸರಿಯಾಗಿತ್ತು, ಪ್ರಜ್ಞೆ ತಪ್ಪಿದ್ದಕ್ಕೆ ಪುರಾವೆ ಉಳಿಯಲಿಲ್ಲ. ಕಾರು ತಾನಾಗಿ ಇಷ್ಟು ದೂರ ನೇರ ಹೋಗಲ್ಲ, ನಿಮ್ಮೆಜಮಾನ್ರು ಮಂಡೀಲಿ ಸ್ಟೀರಿಂಗ್ ಹಿಡಿದು ಆಟ ಆಡಿದ್ದಾರೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಕೇಸು ಬರೆದಿದ್ದಾರೆ. ಯಜಮಾನರಿಗೆ ಏನೂ ನೆನಪಿಲ್ಲ. ನಾನೇ ಹಾಗೆ ಮಾಡಿದ್ನೇನೋ ಕಣೇ, ಒಪ್ಕೊಂಡು ಸಹಿ ಹಾಕ್ಬಿಡ್ತೀನಿ ಎಂದು ಹಾಸಿಗೆಯಲ್ಲಿ ಮಲಗಿಕೊಂಡು ಹೇಳುತ್ತಿದ್ದಾರೆ. ಮಾಡದ ತಪ್ಪನ್ನು ಅವರು ಒಪ್ಪಿಕೊಳ್ಳುವುದನ್ನು ನಾನು ನೋಡಿಕೊಂಡಿರಲಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಕಾರು ಠಾಣೆಯ ಅಂಗಳದಲ್ಲಿ ಸೋಮವಾರ ಇದ್ದಂತೆಯೇ ಇದೆ. ಜನರನ್ನು ದೂರ ನಿಲ್ಲಿಸಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಬೇಕು. ಚಾಲಕನ ಸೀಟಿಗೆ 74 ಕಿಲೋ ತೂಗುವವರು ಬೇಕು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ತಾವು 74 ಎನ್ನುತ್ತಿದ್ದಾರೆ. ದಯವಿಟ್ಟು ಅವರನ್ನು ತೂಕ ಮಾಡಿಸಿ. ಪಕ್ಕದ ಸೀಟಿನಲ್ಲಿ ನಾನೇ ಕೂರುತ್ತೇನೆ. ಟ್ಯಾಂಕಿನ ಬಳಿ ಅವರು ಕೈ ಬಿಡಲಿ. ನನಗೆ ಹೆದರಿಕೆ ಇಲ್ಲ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಬರೆದಿದೆ. ನನ್ನ ತೂಕವೂ ಸೇರಿ ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಬುಧವಾರ, ಬೆಳಿಗ್ಗೆ 11.20
ಸಹಿ: (ಹೇಳಿಕೆ ನೀಡಿದವರದು)