ಗಿಡ್ಡ ಪೈಪು

ಒಂದು ಸಲ ನನಗೆ ಕರೆಂಟು ಹೊಡೆದು, ನನಗೇನೂ ಆಗದೆ ಇಡೀ ಬೀದಿಯ ಕರೆಂಟೇ ಹೋಗಿಬಿಟ್ಟಿತ್ತು. ಕಣ್ಣಾರೆ ಕಂಡವರು ಇಬ್ಬರು. ಲೈನ್‌ಮನ್ ತೀರಿಹೋದ. ಅವನ ಏಣಿ ಹಿಡಿದಿದ್ದವನೂ ತೀರಿಹೋದ. ಇನ್ನು ನಂಬುವುದು ಬಿಡುವುದು ಕೇಳುವವರ ಪುಣ್ಯ.

ಮೊನ್ನೆ ರಾತ್ರಿ ಕರೆಂಟು ಹೋದಾಗ ಇದನ್ನೇ ಹೇಳಿ ಶುರು ಮಾಡಿದೆ. ಸೆಖೆಗೆ ಮನೆಯವರೆಲ್ಲ ತಾರಸಿಯ ಮೇಲೆ ಚಾಪೆ ಹಾಸಿದ್ದರು. ದೆವ್ವದ ಕತೆ ಬೇಕು ಅಂದರು. ಹತ್ತಿರ ಬನ್ನಿ ಅಂದೆ. ಈ ಕತೆಯಲ್ಲಿ ಆಲದ ಮರ ಇಲ್ಲ, ಹಾಳುಬಾವಿ ಇಲ್ಲ, ಹಿಂದುಮುಂದಾದ ಪಾದದವಳೂ ಇಲ್ಲ. ಹಾಡಹಗಲು… ಮಧ್ಯಾಹ್ನ ಎರಡು ಗಂಟೆ. ಬೇರೆ ಯಾರಿಗೋ ಅಲ್ಲ, ನನ್ನ ಸ್ವಂತ ಷಡ್ಡಕನಿಗೇ ಆದದ್ದು.

ಷಡ್ಡಕನ ಕಸುಬು ಮನೆಮನೆಗೆ ಪ್ರೊಜೆಕ್ಟರ್ ಕೂರಿಸುವುದು. ಗೋಡೆ ತುಂಬ ಸಿನಿಮಾ ಬಿಡುವ ಮಿಷನ್ನು ಅದು. ಸೂರಿಗೆ ಪೈಪು ಬಿಗಿದು ತಲೆಕೆಳಗಾಗಿ ತೂಗಹಾಕಬೇಕು. ಕೈ ಚುರುಕಾದ ಆಸಾಮಿ. ಮೈ ಮಾತ್ರ ಶುದ್ಧ ಸೋಮಾರಿ.

ಒಬ್ಬ ಟೇಲರ್ ಯಜಮಾನರು ಇದ್ದರು. ಐವತ್ತು ವರ್ಷ ಹೊಲಿದು ಅಂಗಡಿ ಮುಚ್ಚಿದ ಬೊಚ್ಚುಬಾಯಿಯವರು. ಹೆಂಡತಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಟಿವಿಯಲ್ಲಿ ಮುಖ ಯಾವುದು ಮಡಕೆ ಯಾವುದು ಅಂತ ತಿಳಿಯುತ್ತಿರಲಿಲ್ಲ. ಗೋಡೆಯಷ್ಟು ದೊಡ್ಡದು ಮಾಡಿದರೆ ಕಂಡೀತು ಅಂತ ಯಜಮಾನರಿಗೆ ಆಸೆ. ಮಹಡಿ ಕೋಣೆಯ ಕಿಟಕಿಗಳಿಗೆ ದಪ್ಪ ಕಪ್ಪು ಪರದೆಗಳನ್ನು ತಾವೇ ಹೊಲಿದರು. ಷಡ್ಡಕ ಅಳತೆಗೆ ತನ್ನ ಟೇಪು ಬಿಚ್ಚಿದರೆ, ತಡೆದು, ಕೊರಳಲ್ಲಿದ್ದ ತಮ್ಮ ಟೇಪು ತೆಗೆದು ಕೊಟ್ಟರು.

"ನಿನ್ನದು ತಗಡು, ಬಿಸಿಲಿಗೆ ಹಿಗ್ಗುತ್ತೆ. ನಂದು ಸುಳ್ಳು ಹೇಳಲ್ಲ."

ಆ ಕೋಣೆಯ ಮೇಲೆ ಬರೀ ತಾರಸಿ. ಹಗಲೆಲ್ಲ ಕಾದು ಕಾವಲಿಯಾಗುವಂಥದ್ದು. ಬಿಸಿ ಗಾಳಿ ಸೂರಿಗೇ ಅಂಟಿಕೊಂಡಿರುತ್ತದೆ. ಅಂಥ ಕಡೆ ಉದ್ದ ಪೈಪು ಹಾಕಿ, ಮಿಷನ್ನನ್ನು ಕುರ್ಚಿಗಳ ಹಿಂದೆ, ನಿಂತವರ ಕೈಗೆ ಎಟುಕುವಷ್ಟು ಕೆಳಗೆ ಇಳಿಬಿಡಬೇಕು. ಕಸುಬು ಕಲಿತ ಮೊದಲ ವಾರವೇ ಇದು ಗೊತ್ತಾಗುತ್ತದೆ. ಷಡ್ಡಕನಿಗೂ ಗೊತ್ತಿತ್ತು. ಆದರೆ ಅವತ್ತು ಚೀಲದಲ್ಲಿದ್ದದ್ದು ಗಿಡ್ಡ ಪೈಪು. ಅಂಗಡಿ ಎರಡೇ ಬೀದಿ ಆಚೆ. ಹೊರಗೆ ನೋಡಿದ… ಬೆಂಕಿಯಂಥ ಬಿಸಿಲು.

'ಇದೇ ಸಾಕು' ಅಂದುಕೊಂಡ.

ಡ್ರಿಲ್ಲು ಗಿರ್‌ರ್‌ರ್ ಅಂತು. ಸುಣ್ಣ ಉದುರಿತು. ಮಿಷನ್ನು ಬಾವಲಿಯ ಹಾಗೆ ಸೂರಿಗೆ ಕಚ್ಚಿಕೊಂಡು ಕೂತಿತು. ಚಿತ್ರ ಬಿಟ್ಟಾಗ ಆ ಅಮ್ಮ ಗೋಡೆಯನ್ನೇ ನೋಡುತ್ತಾ, "ಅಯ್ಯೋ, ಇವನಿಗೆ ಮೀಸೆ ಇದೆಯಾ?" ಅಂದರು. ಯಜಮಾನರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ತಾತ, ದೆವ್ವ ಯಾವಾಗ ಬರುತ್ತೆ?" ಅಂದಳು ನನ್ನ ಮೊಮ್ಮಗಳು.

ಬರುತ್ತೆ ಕೂತ್ಕೊಳ್ಳೇ, ಅದೇನು ಬಸ್ಸಾ ಅಂದೆ.

ಬೇಸಿಗೆ ಏರಿತು. ದಿನಾ ಮಧ್ಯಾಹ್ನ, ಸಿನಿಮಾ ಇನ್ನೇನು ರಂಗೇರಬೇಕು, ಮಿಷನ್ನು ಕಾದು ಕೆಂಪು ದೀಪ. ಪಿಕ್… ಪಿಕ್… ಗೋಡೆ ಕತ್ತಲು. ಒಳಗಿನ ಫ್ಯಾನು ಮಾತ್ರ ಹೂಂಯ್ ಅಂತ ಅರಚುತ್ತದೆ. ಎರಡು ಸಲ ಷಡ್ಡಕ ಹೋಗಿ, ಗಾಳಿ ಸೋಸುವ ಫಿಲ್ಟರ್ ಬಿಚ್ಚಿ, ಮೂರು ಸಲ ತಟ್ಟಿ, ಒಂದು ಸಲ ಊದಿ ಹಾಕಿ ಬಂದ. ಪೈಪಿನ ಮಾತೇ ಎತ್ತಲಿಲ್ಲ. ಮೂರನೇ ಸಲ ಫೋನು ಬಂದಾಗ ಉಂಡು, ತಣ್ಣನೆ ನೆಲದ ಮೇಲೆ ಉರುಳಿದ್ದ.

"ಮತ್ತೆ ಆರಿತು ಕಣಪ್ಪ. ಇವಳಿಗೆ ಕೊನೇ ಭಾಗ ನೋಡ್ಬೇಕಂತೆ, ಒಂದೇ ಹಠ."

"ಅದಕ್ಕೆ ನಾನ್ಯಾಕೆ ಯಜಮಾನ್ರೇ? ಪಕ್ಕದ ಮುಚ್ಚಳ ಜಾರಿಸಿ, ಫಿಲ್ಟರ್ ಎಳೀರಿ. ಮೂರು ಸಲ ತಟ್ಟಿ, ಒಂದು ಸಲ ಊದಿ."

"ಎಟುಕಲ್ವಲ್ಲೋ."

"ಮೇಜಿನ ಮೇಲೆ ಸ್ಟೂಲ್ ಇಟ್ಕೊಳ್ಳಿ."

"ನನ್ನ ವಯಸ್ಸೆಷ್ಟು ಗೊತ್ತೇನಯ್ಯಾ ನಿನಗೆ?"

"ಸೂಜಿಗೆ ದಾರ ಪೋಣಿಸೋ ಕೈ ನಿಮ್ಮದು. ಇದೇನು ಮಹಾ."

ಯಜಮಾನರು ನಕ್ಕರು. ಹೊಗಳಿದರೆ ಉಬ್ಬದವರು ಯಾರಿದ್ದಾರೆ? ಷಡ್ಡಕ ಮಗ್ಗುಲು ಬದಲಾಯಿಸಿ ಗೊರಕೆ ಹೊಡೆದ.

ಸಂಜೆ ಸುದ್ದಿ ಬಂತು. ಸ್ಟೂಲು ಜಾರಿತಂತೆ. ತಲೆಗೆ ಪೆಟ್ಟು. ಆಸ್ಪತ್ರೆ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ.

ಫೋನಿನ ಆ ಮಾತು ಗೊತ್ತಿದ್ದವರು ಇಬ್ಬರೇ. ಒಬ್ಬರು ಹೋದರು. ಇನ್ನೊಬ್ಬ ಬಾಯಿಗೆ ಹೊಲಿಗೆ ಹಾಕಿಕೊಂಡ. ಹೋಗಿ ಆ ಅಮ್ಮನಿಗೆ ಹೇಳಿಬಿಡಬೇಕು ಅಂತ ನಾಲ್ಕು ಸಲ ಚಪ್ಪಲಿ ಮೆಟ್ಟಿದ. ನಾಲ್ಕು ಸಲವೂ ಬೀದಿ ತಿರುವಿನಿಂದ ವಾಪಸು.

ತಿಂಗಳಾದ ಮೇಲೆ ಆ ಅಮ್ಮನೇ ಫೋನು ಮಾಡಿದರು. "ಮಿಷನ್ ಒಳಗೆ ಏನೋ ಸದ್ದು. ಮಧ್ಯಾಹ್ನ ಬಂದು ನೋಡಪ್ಪ."

ಇವತ್ತು ಹೇಳಿಯೇ ಬಿಡುತ್ತೇನೆ ಅಂತ ಹೊರಟ. ಚೀಲಕ್ಕೆ ಉದ್ದ ಪೈಪು ಹಾಕಿಕೊಂಡ.

ಕಪ್ಪು ಪರದೆಗಳು ಎಳೆದೇ ಇದ್ದವು. ಮಟಮಟ ಮಧ್ಯಾಹ್ನದಲ್ಲಿ ಅಮಾವಾಸ್ಯೆಯ ಕತ್ತಲು. ಅಮ್ಮ ಕುರ್ಚಿಯಲ್ಲಿ ಕೂತಿದ್ದರು.

"ಪ್ಲಗ್ ಕಿತ್ತು ತಿಂಗಳಾಯ್ತು," ಪಿಸುಗುಟ್ಟಿದರು. "ಆದರೂ… ಕೇಳು."

ಕೇಳಿದ. ಏನೂ ಇಲ್ಲ… ತಾರಸಿ ಕಾದು ಚಟ್ ಅಂದದ್ದು, ಅಷ್ಟೇ. ಆಮೇಲೆ…

ಟಪ್.

ಟಪ್.

ಟಪ್.

ಆಮೇಲೆ, ಹಲ್ಲಿಲ್ಲದ ಬಾಯಿಂದ ಊದಿದ ಹಾಗೆ… ಫ್ಫೂ.

ಷಡ್ಡಕ ಟಾರ್ಚ್ ಹಿಡಿದು ಏಣಿ ಹತ್ತಿದ. ತಿಂಗಳಿಂದ ಯಾರೂ ಮುಟ್ಟದ ಮಿಷನ್ನು. ಮೈಮೇಲೆ ಬೆರಳು ದಪ್ಪ ಧೂಳು. ಫಿಲ್ಟರ್ ಎಳೆದ. ಒಂದು ಕಣ ಧೂಳಿಲ್ಲ. ಈಗ ತಾನೇ ಅಂಗಡಿಯಿಂದ ತಂದ ಹಾಗಿತ್ತು.

"ನಾನೇ ಕೊಂದೆ ಕಣಪ್ಪ ಅವರನ್ನ," ಅಂದರು ಅಮ್ಮ ಕೆಳಗಿಂದ. "ಕೊನೇ ಭಾಗ ನೋಡ್ಬೇಕು ಅಂತ ಹಠ ಮಾಡಿದೆ. ಯಾರೂ ಹೇಳಿಕೊಡದೆ ತಾವೇ ಹತ್ತಿಬಿಟ್ರು."

ಷಡ್ಡಕ ಬಾಯಿ ತೆರೆದ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು… ಬಂದದ್ದು ಬೇರೆ.

"ಕಾವಿಗೆ ಪ್ಲಾಸ್ಟಿಕ್ ಹಿಗ್ಗಿ ಸದ್ದು ಮಾಡುತ್ತೆ ಅಮ್ಮ. ಪೈಪ್ ಬದಲಾಯಿಸ್ತೀನಿ, ಸರಿಹೋಗುತ್ತೆ."

ಗಿಡ್ಡ ಪೈಪು ಬಿಚ್ಚಿ ಉದ್ದದ್ದು ಬಿಗಿದ. ಅಮ್ಮ ಎದ್ದು ಬಂದು, ತಡಕುತ್ತಾ ಕೈ ಮೇಲೆತ್ತಿದರು. ಬೆರಳು ನೇರ ಮಿಷನ್ನಿಗೆ ತಗುಲಿತು. ಹಾಗೇ ಹಿಡಿದುಕೊಂಡು ನಿಂತರು.

"ನನಗೇ ಎಟುಕುತ್ತಲ್ಲಪ್ಪಾ," ಅಂದರು. "ಮೊದಲೇ ಹೀಗೆ ಹಾಕೋಕೆ ಆಗ್ತಿರಲಿಲ್ವಾ?"

"ಆಗ ಈ ಪೈಪ್ ಬಂದಿರಲಿಲ್ಲ ಅಮ್ಮ."

ಅಷ್ಟು ಹೇಳಿದ್ದೇ ತಡ, ಅವನ ಎಡಕಿವಿಯ ಪಕ್ಕದಲ್ಲೇ… ಟಪ್. ಟಪ್. ಟಪ್.

ಅಮ್ಮನಿಗೆ ಕೇಳಿಸಲಿಲ್ಲ. ಅವರು ಮಿಷನ್ನನ್ನೇ ಸವರುತ್ತಿದ್ದರು.

ಅವತ್ತಿನಿಂದ ಆ ಮನೆಯಲ್ಲಿ ಸದ್ದಿಲ್ಲ. ಅಮ್ಮ ಫೋನು ಮಾಡಿ, ನಿನ್ನ ಕೈಗುಣ ದೊಡ್ಡದಪ್ಪ, ನೂರು ವರ್ಷ ಬಾಳು ಅಂದರು. ಇವನು ಮಾತ್ರ ಉಂಡು ನೆಲಕ್ಕೆ ಒರಗಿದರೆ ಸಾಕು, ಸರಿಯಾಗಿ ಎರಡು ಗಂಟೆಗೆ ಕಿವಿಯ ಹತ್ತಿರ ಮೂರು ಸಲ ತಟ್ಟುವುದು ಕೇಳುತ್ತದೆ. ಊದುವುದಿಲ್ಲ. ಊದಿಬಿಟ್ಟರೆ ಮುಗಿಯುತ್ತಿತ್ತೇನೋ. ಉಸಿರು ಬಿಗಿಹಿಡಿದು ಕಾಯುತ್ತಾನೆ… ಊದುವುದಿಲ್ಲ. ಆ ಅಮ್ಮ ಇನ್ನೂ ಇದ್ದಾರೆ. ಇನ್ನೂ ತಾನೇ ಕೊಂದೆ ಅಂದುಕೊಂಡಿದ್ದಾರೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ನಡೆದದ್ದು ನಡೆದ ಹಾಗೆ ಹೇಳಿದ್ದೇನೆ.

ಚಾಪೆಯ ಮೇಲೆ ಮೊಮ್ಮಗಳು ಎದ್ದು ಕೂತಳು.

"ತಾತ, ಷಡ್ಡಕ ಅಂದ್ರೆ ಹೆಂಡತಿಯ ಅಕ್ಕನದೋ ತಂಗಿಯದೋ ಗಂಡ ತಾನೇ?"

ಹೌದು ಅಂದೆ.

"ಅಜ್ಜಿ ಒಬ್ಬಳೇ ಮಗಳಲ್ವಾ?"

ಎಡಕಿವಿ ಉಜ್ಜಿಕೊಂಡೆ. ಸೆಖೆ ಅಂದೆ. ಮಲಗಿ ಅಂದೆ.