ಎಣ್ಣೆ ಕಾಣದ ರೂಪಾಯಿ

ಅಧ್ಯಕ್ಷತೆ ವಹಿಸಿರುವ ಸಾಯಿನಾಥ ಅವರೇ, ಪ್ರದರ್ಶನವನ್ನು ಉದ್ಘಾಟಿಸಿದ ಮುಖ್ಯ ಅತಿಥಿಗಳೇ, ನಮ್ಮ ನಾಣ್ಯ ಸಂಗ್ರಾಹಕರ ಬಳಗದ ಸದಸ್ಯರೇ, ಕಾರವಾರದಿಂದ ಅಂಕೋಲೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿರುವ ಸಭಿಕರೇ,

ಶಾಲು ಹೊದೆಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ‘ಅಮೆರಿಕದ ಪರಿಣತರ ಎದುರು ಹತ್ತಕ್ಕೆ ಎಂಟು ಸರಿ ಹೇಳಿದ ನಮ್ಮ ಬೊಮ್ಮಯ್ಯ ನಾಯಕರು’ ಎಂದು ನಿರೂಪಕರು ಎರಡು ಸಲ ಹೇಳಿದರು. ಎಂಟು ಎಂಬುದು ನಿಜ. ಉಳಿದ ಎರಡು ಯಾವುವು ಎಂದು ಯಾರಾದರೂ ಕೇಳಿದಿರಾ? ಕೇಳಲಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ.

ಹೊಸಬರಿಗಾಗಿ ಒಂದು ಮಾತು. ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂಬುದಕ್ಕೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುತ್ತಾರೆ. ಕೈಯಿಂದ ಕೈಗೆ ದಾಟಿ ರಾಜನ ಮೂಗು ಸವೆದಿದ್ದರೆ ಅಂಕ ಇಳಿಯುತ್ತದೆ. ಟಂಕಸಾಲೆಯಿಂದ ಬಂದ ಹಾಗೆಯೇ ಇದ್ದರೆ ಅರವತ್ತು ದಾಟುತ್ತದೆ.

ನಾನು ಈ ವಿದ್ಯೆ ಕಲಿತದ್ದು ಕೈಗಾ ಬಸ್ಸಿನಲ್ಲಿ. ಅಲ್ಲಿನ ಅಣುಸ್ಥಾವರದ ಉಗ್ರಾಣದಲ್ಲಿ ನನಗೆ ತಪಾಸಣೆಯ ಕೆಲಸ. ಬಂದ ಬೋಲ್ಟು, ಬೇರಿಂಗುಗಳನ್ನು ಒಪ್ಪುವುದು ಅಥವಾ ತಿರಸ್ಕರಿಸುವುದು. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಬಿಸಿಲಿಗೆ ನಾಣ್ಯವನ್ನು ಓರೆ ಹಿಡಿದು ಅಂಕ ಹಾಕುತ್ತಿದ್ದೆ. ಪಕ್ಕದವರು ನಿದ್ದೆ ಮಾಡುತ್ತಿದ್ದರು. ಹಾಗಾಗಿ ನನ್ನ ಅಭಿಪ್ರಾಯಕ್ಕೆ ವಿರೋಧ ಬರಲಿಲ್ಲ.

ಆಮೇಲೆ ಬಳಗದ ತೀರ್ಪುಗಾರನಾದೆ. ಅಲ್ಲಿಯೂ ವಿರೋಧ ಬರಲಿಲ್ಲ. ಕಳೆದ ವರ್ಷದ ಪ್ರದರ್ಶನದಲ್ಲಿ ಮಾತ್ರ, ನಮ್ಮ ಭರತನ ಕಾಲಾಣೆಯನ್ನು ನಾನು ಕೆಳಗಿನ ಸಾಲಿಗೆ ತಳ್ಳಿದಾಗ, ಅವನು ಎಲ್ಲರೆದುರು ಕೇಳಿದ:

“ಬೊಮ್ಮಯ್ಯಣ್ಣಾ, ಊರ್ನವ್ರ ನಾಣ್ಯ ಎಲ್ಲ ನೀ ನೋಡ್ತೆ. ನಿನ್ನ ಕಣ್ಣ ನೋಡೂರು ಯಾರಾ?”

ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆದರೆ ಬಿಡಲಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬರ ಮೂಲಕ ಹತ್ತು ನಾಣ್ಯಗಳನ್ನು ಅಮೆರಿಕಕ್ಕೆ, ಅಂಕ ಹಾಕುವ ಪರಿಣತರ ಬಳಿಗೆ ಕಳಿಸುವುದು, ನನ್ನ ಅಂಕಗಳನ್ನು ಮೊದಲೇ ಬರೆದು ಸಾಯಿನಾಥರ ಕೈಗೆ ಕೊಡುವುದು, ಐದು ಅಂಕದ ಹೆಚ್ಚುಕಡಿಮೆ ನಡೆಯುತ್ತದೆ, ಏಳಕ್ಕಿಂತ ಕಡಿಮೆ ಸರಿಯಾದರೆ ತೀರ್ಪುಗಾರನ ಕುರ್ಚಿ ಬಿಡುವುದು ಎಂದು ಒಪ್ಪಿಕೊಂಡೆ. ನಿವೃತ್ತನಾದವನಿಗೆ ಉಳಿದಿದ್ದ ಕುರ್ಚಿ ಅದೊಂದೇ ಎಂಬುದನ್ನು ನೀವು ನೆನಪಿಡಬೇಕು.

ಸದಸ್ಯರಿಂದ ಎಂಟು ನಾಣ್ಯ ಬಂದವು. ಒಂಬತ್ತನೆಯದು ನನ್ನದೇ, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಪ್ರತಿ ಪ್ರದರ್ಶನದಲ್ಲಿಯೂ ಮೊದಲ ಪೆಟ್ಟಿಗೆಯಲ್ಲಿ ಹೊಳೆಯುತ್ತಿದ್ದದ್ದು ಅದೇ. ಹತ್ತಕ್ಕೆ ಒಂದು ಕಡಿಮೆ ಬಿತ್ತು. ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಗೋದಾವರಿ ಹೇಳಿದಳು:

“ನಂದೂ ಒಂದ ಇತ್ತಲ್ರಿ. ಅದ್ನೂ ಹಾಕಿ.”

“ಆ ಮಂಕು ರೂಪಾಯಿಯೇ?” ಎಂದೆ.

“ಲೆಕ್ಕಕ್ಕಾದ್ರೂ ಆತಲಾ,” ಎಂದಳು.

ಮಂಜಗುಣಿಯ ತವರಿನಿಂದ ಮದುವೆಯಾಗಿ ನಮ್ಮ ಶೆಟಗೇರಿಗೆ ಹೊರಟಾಗ ಅವಳ ಅವ್ವ ವೀಳ್ಯದ ಜೊತೆ ಕೈಗಿಟ್ಟ ಹಳೆಯ ಬೆಳ್ಳಿ ರೂಪಾಯಿ ಅದು. ಅವ್ವ ಸುತ್ತಿಕೊಟ್ಟ ಕಾಗದದಲ್ಲಿಯೇ ಇತ್ತು. ಅಂಚಿನಲ್ಲಿ ಕಂದು, ನಡುವೆ ನೀಲಿ ಛಾಯೆ. ‘ಪ್ರದರ್ಶನಕ್ಕೆ ಇಡುವಾ’ ಎಂದು ಅವಳು ಹಿಂದೆ ಒಮ್ಮೆ ಕೇಳಿದ್ದಳು. ಒಮ್ಮೆ ಅಲ್ಲ, ಆಗಾಗ. ತೀರ್ಪುಗಾರನ ಹೆಂಡತಿಯ ನಾಣ್ಯಕ್ಕೆ ರಿಯಾಯಿತಿ ತೋರಿಸಬಾರದಲ್ಲವೇ? ಹಾಗಾಗಿ ನಾನು ಇಡಲಿಲ್ಲ. ನನ್ನ ರೂಪಾಯಿಗೆ ಅರವತ್ತೈದು ಬರೆದೆ, ಅವಳದಕ್ಕೆ ನಲವತ್ತು.

ಫಲಿತಾಂಶ ಬಂತು. ಎಂಟು ನಾಣ್ಯಗಳು ಸರಿಹೊಂದಿದವು. ಭರತನ ಕಾಲಾಣೆಗೆ ನಾನು ಹೇಳಿದಷ್ಟೇ ಅಂಕ. ಅವನು ಪಾಪ, ಆ ದಿನವೇ ಬಂದು ಕೈ ಕುಲುಕಿದ. ಗೋದಾವರಿಯ ರೂಪಾಯಿಗೆ ಅರವತ್ತನಾಲ್ಕು. ನನ್ನದಕ್ಕೆ ಅಂಕವೇ ಇಲ್ಲ. ‘ಮೇಲ್ಮೈ ಒರೆಸಲ್ಪಟ್ಟಿದೆ’ ಎಂಬ ಒಂದು ಸಾಲು ಮಾತ್ರ.

ಏಕೆ ಹೀಗಾಯಿತು? ಸಭಿಕರೇ, ನಮ್ಮ ಕರಾವಳಿಯಲ್ಲಿ ಮಳೆ ಶುರುವಾಗುವ ಮೊದಲು ನಾವು ಏನು ಮಾಡುತ್ತೇವೆ? ಬೀಗಕ್ಕೆ ಎಣ್ಣೆ, ಬಾಗಿಲಿನ ತಿರುಗಣಿಗೆ ಎಣ್ಣೆ, ಹೊಲಿಗೆ ಯಂತ್ರಕ್ಕೆ ಎಣ್ಣೆ. ಉಪ್ಪುಗಾಳಿ ಯಾವ ಲೋಹವನ್ನೂ ಬಿಡುವುದಿಲ್ಲ ಎಂದು ನಮಗೆ ಗೊತ್ತು. ನಾನು ನಾಣ್ಯಕ್ಕೂ ಒಂದು ಹನಿ ತೆಂಗಿನೆಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ ಇಡುತ್ತಿದ್ದೆ. ನೀವೂ ಹಾಗೇ ಮಾಡುತ್ತೀರಿ, ನಾನೇ ಕಲಿಸಿದ್ದೇನೆ. ವರ್ಷವರ್ಷ ಒರೆಸಿದ್ದರಿಂದ ಕೂದಲೆಳೆಯಂಥ ಗೆರೆಗಳು ಬಿದ್ದಿದ್ದವು. ಎಣ್ಣೆ ಅವನ್ನು ಮುಚ್ಚಿತ್ತು. ಎಣ್ಣೆಯ ಹೊಳಪನ್ನೇ ನಾನು ಟಂಕಸಾಲೆಯ ಹೊಳಪು ಎಂದುಕೊಂಡಿದ್ದೆ. ಮುಟ್ಟದೇ ಉಳಿದ ಬೆಳ್ಳಿಗೆ ಕಾಲ ಕಳೆದ ಹಾಗೆ ತಾನಾಗಿ ಬರುವ ಬಣ್ಣವನ್ನು ಕೊಳೆ ಎಂದುಕೊಂಡಿದ್ದೆ.

ಹಾಗಾದರೆ ಒಂದೇ ಮನೆಯಲ್ಲಿದ್ದ ಗೋದಾವರಿಯ ರೂಪಾಯಿ ಹೇಗೆ ಉಳಿಯಿತು? ಅದಕ್ಕೆ ಎಣ್ಣೆ ದಂಡ ಎಂದು ನಾನು ಬಿಟ್ಟಿದ್ದೆ. ಇದನ್ನು ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನೀವು ಲಕ್ಷ್ಯ ಕೊಡದೇ ಹೋದದ್ದೇ ಚಲೋ ಆತು ನೋಡಿ,” ಎಂದಳು.

ಅವಳು ನಾಣ್ಯದ ಬಗ್ಗೆ ಹೇಳಿದಳು ಎಂದೇ ನಾನು ತಿಳಿದಿದ್ದೇನೆ.

ಎಂಟು ಬಂತು, ಏಳು ಸಾಕಿತ್ತು, ಕುರ್ಚಿ ಉಳಿಯಿತು ಎಂದು ಸಾಯಿನಾಥರು ಹೇಳುತ್ತಾರೆ. ಲೆಕ್ಕ ಸರಿ. ಆದರೆ ಆ ಎಂಟೂ ಸವೆದ ನಾಣ್ಯಗಳು; ಒರೆಸಿದ ಗೆರೆಗಳು ಆ ಸವೆತದಲ್ಲೇ ಕರಗಿದ್ದವು. ಮೂಗು ಸವೆದದ್ದನ್ನು ಯಾರು ಬೇಕಾದರೂ ಹೇಳಬಹುದು. ಇದ್ದುದರಲ್ಲಿ ಉತ್ತಮವಾದದ್ದು ನನ್ನ ಮನೆಯಲ್ಲಿಯೇ ಇತ್ತು, ಅದನ್ನು ನಾನು ಗುರುತಿಸಲಿಲ್ಲ. ಉತ್ತಮವನ್ನು ಗುರುತಿಸದವನು ಮೊದಲ ಬಹುಮಾನ ಯಾರಿಗೆಂದು ಹೇಗೆ ಹೇಳಬಲ್ಲ? ಕೈಗಾದಲ್ಲಿ ಅಳತೆಪಟ್ಟಿ ತಪ್ಪಿದೆ ಎಂದು ತಿಳಿದರೆ ಅದನ್ನು ಬಳಕೆಯಿಂದ ತೆಗೆಯುತ್ತಿದ್ದೆವು. ಹತ್ತರಲ್ಲಿ ಎಂಟು ಸಲ ಸರಿ ತೋರಿಸುತ್ತದೆ ಎಂದು ಇಟ್ಟುಕೊಳ್ಳುತ್ತಿರಲಿಲ್ಲ.

ಹಾಗಾಗಿ ಈ ವರ್ಷದ ತೀರ್ಪು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ನಿಶಾ ಅವರದು. ನಾಣ್ಯದ ಅಂಚನ್ನಷ್ಟೇ ಹಿಡಿಯುವವರು ನಮ್ಮಲ್ಲಿ ಅವರೊಬ್ಬರೇ. ‘ಒಂಚೂರು ಎಣ್ಣೆ ಹಚ್ಚಬಾರದೇ?’ ಎಂದು ನಾನು ಅವರಿಗೆ ಬುದ್ಧಿ ಹೇಳಿದ್ದೆ. ಅವರು ಕೇಳಲಿಲ್ಲ, ಬಳಗಕ್ಕೆ ಒಳ್ಳೆಯದಾಯಿತು.

ಇನ್ನೊಂದು ಮಾತು. ಒಳಗಿನ ಕೋಣೆಯಲ್ಲಿ ಮೊದಲ ಪೆಟ್ಟಿಗೆ ಖಾಲಿ ಇರುವುದನ್ನು ನೀವು ನೋಡಿರುತ್ತೀರಿ. ಕಾರ್ಯಕರ್ತರು ಮರೆತದ್ದಲ್ಲ. ನಾನೇ ಖಾಲಿ ಇಡಿಸಿದ್ದೇನೆ. ಗೋದಾವರಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ರೂಪಾಯಿಯನ್ನು ತಂದಿದ್ದಾಳೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ; ಇಷ್ಟು ವರ್ಷ ಕೇಳಿದವಳು ಅವಳು, ಬೇಡ ಎಂದವನು ನಾನು. ಈಗ ಇಡುವುದೂ ಬಿಡುವುದೂ ಅವಳಿಗೆ ಸೇರಿದ್ದು. ಸಭೆ ಮುಗಿದ ಮೇಲೆ ಅವಳು ಆ ಪೆಟ್ಟಿಗೆಯ ಕಡೆ ನಡೆದರೆ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ದಾರಿ ಬಿಡಿ. ನಡೆಯದಿದ್ದರೆ, ಪೆಟ್ಟಿಗೆ ಖಾಲಿಯೇ ಇರಲಿ.

ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೂ, ಕಣ್ಣು ಪರೀಕ್ಷೆ ಮಾಡಿಸಿದ್ದಕ್ಕೆ ಭರತನಿಗೂ ಋಣಿಯಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.