ಅಂದಾನೆಪ್ಪನ ಕಾರಿನ ಬ್ರೇಕು

ನಗೂದಿದ್ರ ಈಗ ನಕ್ಕ ಮುಗಸ್ರಿ. ದೀಪಾ ಸಣ್ಣದ ಮಾಡ್ತೀನಿ...

ನನ್ನ ತಂಗಿ ಮಗ ಅಂದಾನೆಪ್ಪಗ ಆದದ್ದಿದು. ಆಲಮಟ್ಟಿ ನೀರ ಬಂದು ಊರ ಬಿಡಸಿದ ಮರುವರ್ಷ. ಬೀಳಗಿ ಕಡೆ ಹೊಸ ಊರಾಗ ನಮ್ಮ ಮನಿ. ಮನಿ ಮುಂದಿನ ದಾರಿ ಸೀದಾ ಇಳುಕಲ. ಇಳುಕಲ ಮುಗದಲ್ಲೇ ಕಟ್ಟಿ ಇಲ್ಲದ ಹಾಳ ಬಾವಿ.

ಅವನ ಹೇಣ್ತಿ ರಾಜಶ್ರೀಗಿ ದಿನಾ ತುಂಬಿದ್ವು. ಮುಂಜಾನೆ ಮುಧೋಳ ದವಾಖಾನಿಗಿ ಒಯ್ಯಬೇಕು. ಅವನ ಹಳೇ ಕಾರ ನೋಡಿದ್ರ, ಬ್ರೇಕ್ ಹಾಕಿದಾಗೊಮ್ಮೆ ಕರ್ರ್ರ್ ಅಂತ ಒದರತಿತ್ತು. ಪ್ಯಾಡ್ ಪೂರಾ ಸವದಿದ್ವು. ಅಂದಾನೆಪ್ಪ ಲೋಕಾಪುರಕ್ಕ ಹೋಗಿ ಹೊಸಾವು ತಂದ. ಕಡೀ ಬಸ್ಸ ಇಳದು ಬಾವಿ ಮಗ್ಗಲ ನಡಕೋತ ಬರಾಕತ್ತಿದ್ದ...

ಗುಳುಂ... ಅಂತು ನೀರು. ಹಿಂದ ಒಂದ ಹೆಂಗಸಿನ ದನಿ, ಪಿಸುಪಿಸು.

"ತಮ್ಮಾ... ಬ್ರೇಕಿನ ಸಾಮಾನ ಸಿಕ್ಕೂವೇನು?"

"ಸಿಕ್ಕೂವ ಯಕ್ಕಾ."

"ಬಸರಿ ಕುಂಡರತಾಳ... ನೆಟ್ಟಗ ಹಾಕು."

"ಹಾಕ್ತೀನಿ. ಯಾರ ಬೇ ನೀ?"

ತಿರಿಗಿ ನೋಡ್ತಾನ... ಯಾರೂ ಇಲ್ಲ. ಜ್ವಾಳದ ದಂಟ ಸೈತ ಅಳಗ್ಯಾಡವಲ್ದು.

ಓಡಿ ಬಂದ. "ಮಾಮಾ, ಬಾವಿ ಕಡಿಂದ ಯಾರೋ ಮಾತಾಡಿದ್ರು!"

"ಲೇ, ನಾ ಇರೂ ತನಕಾ ದೆವ್ವ ಈ ಓಣಿಗಿ ಕಾಲ ಇಡೂದಿಲ್ಲ. ಕೆಲಸಾ ನೋಡು," ಅಂದೆ.

ಜಾಕ್ ಇರಲಿಲ್ಲ. ಇದ್ರೂ ಬೇಕಿರಲಿಲ್ಲ. ಬಾಯಾಗ ಬ್ಯಾಟರಿ ಕಚಗೊಂಡು ಕಾರಿನ ಮುಂದಿನ ಮಗ್ಗಲಾ ನನ್ನ ಬೆನ್ನಿಲೇನ ಎತ್ತಿ ಹಿಡದೆ. ಅಂದಾನೆಪ್ಪ ಗಾಲಿ ಬಿಚ್ಚಿದ, ಸವದಾವು ತಗದ. ಹೊಸಾವು ದಪ್ಪ ಇದ್ವಲ್ಲಾ, ಕೂಡವಲ್ವು. ಕಬ್ಬಿಣದ ಹಾರಿ ಹಾಕಿ, ಪ್ಯಾಡ್ ಮುಂದಕ ನೂಕೂ ಪಿಸ್ಟನ್ ಹಿಂದಕ ಒತ್ತಿದ. ಕುಂತೂವು. ಎರಡೂ ಗಾಲೀದು ಆತು. ಕಾರಿನ ಬಾಗಲಾ ಜಡದು, ಕೀಲಿ ಉಡದಾರಕ್ಕ ಕಟಗೊಂಡು, ನಾ ಮನಿ ಮುಂದಿನ ಕಟ್ಟಿ ಮ್ಯಾಲ ಅಡ್ಡಾದೆ.

ನಿದ್ದಿ ಹತ್ತವಲ್ದು. ಆಕಡೆ ಹೊರಳಿದೆ, ಈಕಡೆ ಹೊರಳಿದೆ. ಆವಾಗ... ಕಾರಿನ್ಯಾಗ ಸಪ್ಪಳ.

ಫಸ್... ಫಸ್... ಕಮ್ಮಾರ ತಿದಿ ಒತ್ತಿದಂಗ, ಮೆತ್ತಗ. ಆಮ್ಯಾಲ ಧಪ್... ಧಪ್... ಕಡೀಕ ಟಕ್. ಹಲಗಿ ಮ್ಯಾಲ ಹಿಮ್ಮಡ ಊರಿದಂಗ.

ಹಿಂದೊಮ್ಮೆ ಚಿರತಿ ಬೆನ್ನ ಹತ್ತಿದ್ದ ನನ್ನ ಮುಧೋಳ ನಾಯಿ, ಬಂದು ನನ್ನ ದುಪ್ಪಟ್ಟಿ ಒಳಗ ಹೊಕ್ಕಿತು. ಪಾಪ, ಅದಕ್ಕ ಅಂಜಿಕಿ ಆಗಬಾರದಂತ ನಾನೂ ಮಾರಿ ಮುಚಗೊಂಡೆ.

ಬೆಳಕ ಹರಿಯೂದ್ರಾಗ ರಾಜಶ್ರೀಗಿ ಬ್ಯಾನಿ ಸುರುವಾತು. ಆಕಿನ ಕೈ ಹಿಡದು ಹೊರಗ ತರೂದ್ರಾಗ ಮಗ್ಗಲ ಮನಿ ಲಾರಿ ಡ್ರೈವರ್ ಸಾಬಣ್ಣ ಬಂದ.

"ಪ್ಯಾಡ್ ಹಾಕೀಯಂತಲ್ಲೋ. ಪೆಡಲ್ ತುಳದ ತುಳದ ಗಟ್ಟಿ ಮಾಡೀಯಿಲ್ಲೋ?"

"ಅದ್ಯಾಕ?"

"ಲೇ ಹುಚ್ಚಪ್ಪಾ! ಪಿಸ್ಟನ್ ಹಿಂದಕ ಒತ್ತೀದಿ. ತುಳದ ಮುಂದಕ ತರಲಿಲ್ಲಂದ್ರ ಬ್ರೇಕ ಎಲ್ಲಿ ಹಿಡೀತೈತಿ? ಬಸರಿ ಹೆಣ್ಣಮಗಳನ ಕರಕೊಂಡು ಸೀದಾ ಬಾವ್ಯಾಗ ಹೋಗತಿದ್ದಿ!"

ಅಂದಾನೆಪ್ಪನ ಮಾರಿ ಬೂದಿ ಆತು. ನಾ ಕೀಲಿ ಬಿಚ್ಚಿ ಕೊಟ್ಟೆ. ಸಾಬಣ್ಣ ಬಾಗಲಾ ತಗದು, ಬಗ್ಗಿ, ಕೈಲೇ ಪೆಡಲ್ ಒತ್ತಿದ.

"ಕಲ್ಲ ಆಗೇತಲ್ಲೋ! ತುಳದು, ಮತ್ತ ನನ್ನ ಕೇಳ್ತಿ?"

ನಾವು ತುಳದೇ ಇಲ್ಲ...

ರಾಜಶ್ರೀ ಹಿಂದ ಕುಂತು ನರಳಾಕತ್ತಿದ್ಲು. ಹೊತ್ತ ಮಾಡಾಂಗಿರಲಿಲ್ಲ. ಅಂದಾನೆಪ್ಪ ಮುಂದ ಕುಂಡರಾಕ ಹೋದ. ಆರಡಿ ಆಳು... ಮೊಣಕಾಲ ಸ್ಟೇರಿಂಗಿಗಿ ಬಡದು ಒಳಗ ಹಿಡೀವಲ್ವು. ಸೀಟು ಪೂರಾ ಮುಂದಕ ಸರದಿತ್ತು, ಯಾರೋ ಗಿಡ್ಡ ಕಾಲಿನವರು ಕುಂತ ಎದ್ದಂಗ.

ಖರೇನ ಹೇಳ್ತೀನಿ. ಆ ಸೀಟ ಹಿಂದಕ ಸರಸಿ ಅವನ್ನ ಕುಂಡರಸಿದಾಂವ ನಾನ.